ಗಂಡನ ಹೆಸರು ಹೇಳದವರ ಕಾರ್ಡು

ಹುಣಸೂರಿನ ಹಳೇ ಸಂತೆಮಾಳದ ಹಿಂದೆ, ಹೊಗೆಸೊಪ್ಪಿನ ಗೋದಾಮಿನ ಗೋಡೆಗೆ ಅಂಟಿಕೊಂಡಂತೆ, ಎರಡು ಕೋಣೆಯ ಒಂದು ಕಚೇರಿ ಇತ್ತು. ಬಾಗಿಲ ಮೇಲೆ ‘ತಾಯಿ ಮಕ್ಕಳ ಆರೋಗ್ಯ ಸಮೀಕ್ಷೆ’ ಅಂತ ಬರೆದಿತ್ತು. ಒಳಗೆ ಕಾಲಿಟ್ಟವರು ಹೊಗೆಸೊಪ್ಪಿನ ಘಾಟಿಗೆ ಮೊದಲು ಎರಡು ಸಲ ಸೀನಿ, ಆಮೇಲೆ ನಮಸ್ಕಾರ ಹೇಳುವರು. ಎಪ್ಪತ್ತಮೂರನೆಯ ಇಸವಿಯಲ್ಲಿ, ಬಿ.ಎಸ್ಸಿ. ಮುಗಿಸಿದ ಮಂಗಳಗೌರಿಗೆ ಅಲ್ಲಿ ಹನ್ನೊಂದು ತಿಂಗಳ ಹಂಗಾಮಿ ಕೆಲಸ ಸಿಕ್ಕಿತ್ತು.

ಕೆಲಸವೆಂದರೆ ಕಾರ್ಡು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲೂಕಿನ ನರ್ಸಮ್ಮಗಳು ಹಳ್ಳಿಹಳ್ಳಿ ತಿರುಗಿ, ಕಂಡ ಬಸುರಿಗೆ, ಕಂಡ ಬಾಣಂತಿಗೆ ಒಂದೊಂದು ಕಾರ್ಡು ಬರೆದು ಕಳಿಸುವರು. ಕಾರ್ಡಿನ ನಾಲ್ಕು ಅಂಚಿಗೂ ಸಾಲಾಗಿ ತೂತು. ಒಂದೊಂದು ತೂತಿಗೂ ಒಂದೊಂದು ಪ್ರಶ್ನೆ: ಚೊಚ್ಚಲವೇ? ಹೆರಿಗೆಯಾಯಿತೇ? ಮಗು ಬದುಕಿದೆಯೇ? ಹೌದಾದರೆ ಆ ತೂತನ್ನು ಅಂಚಿನವರೆಗೂ ಕತ್ತರಿಸಿ ಬಾಯಿ ತೆರೆಯಬೇಕು. ಆಮೇಲೆ ಇನ್ನೂರು ಕಾರ್ಡು ಒಟ್ಟಿಗೆ ಹಿಡಿದು, ಬೇಕಾದ ತೂತಿನೊಳಗೆ ಕಡ್ಡಿ ತೂರಿಸಿ, ಎತ್ತಿ ಅಲುಗಿಸಿದರೆ ಹೌದು ಎನ್ನುವವೆಲ್ಲ ಪಟಪಟನೆ ಉದುರುತ್ತವೆ. ಇಲ್ಲ ಎನ್ನುವವು ಕಡ್ಡಿಗೇ ನೇತಾಡುತ್ತವೆ. ಸರ್ಕಾರ ಕೊಟ್ಟ ಕಡ್ಡಿ ಮೂರನೇ ತಿಂಗಳಿಗೇ ಸೊಟ್ಟಗಾಗಿತ್ತು. ಗೌರಿ ಪಕ್ಕದ ಗೋದಾಮಿನಿಂದ ಹೊಗೆಸೊಪ್ಪಿನ ಬೇಲು ಹೊಲಿಯುವ ದಬ್ಬಳವೊಂದನ್ನು ಕೇಳಿ ತಂದಿದ್ದಳು. ಅದು ಕಡ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಸಾವಿರ ಹೆಂಗಸರು ಒಂದೇ ಸಲ ಉತ್ತರ ಹೇಳಿದಂತೆ ಕಾರ್ಡು ಉದುರುವ ಆ ಸದ್ದನ್ನು ಕೇಳಿದಂದಿನಿಂದ ಗೌರಿಗೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು. ಆದರೆ ಆಗಸ್ಟಿಗೆ ಸಮೀಕ್ಷೆ ಮುಗಿಯುತ್ತಿತ್ತು. ಅಲ್ಲಿಂದಾಚೆಗೆ ಗೋದಾಮಿನಲ್ಲಿ ಸೊಪ್ಪು ವಿಂಗಡಿಸುವ ಹೆಂಗಸರ ಹಾಜರಿ ಬರೆಯುವುದೊಂದೇ ಅವಳಿಗೆ ಉಳಿದದ್ದು.

ಜೂನ್ ತಿಂಗಳ ಒಂದು ಸೋಮವಾರ, ಸಮೀಕ್ಷೆಯ ಮುಖ್ಯಸ್ಥರಾದ ಡಾಕ್ಟರ್ ವೀರಭದ್ರಸ್ವಾಮಿ ಒಂದು ಅಚ್ಚಿನ ಹಾಳೆ ತಂದು ಅವಳ ಮೇಜಿನ ಮೇಲಿಟ್ಟರು. ಆಸ್ಪತ್ರೆಗಳ ದಾಖಲೆಯನ್ನು ಗಣಕಯಂತ್ರಕ್ಕೆ ಕೊಟ್ಟು ರೋಗದ ಜಾಡು ಹಿಡಿಯುವ ಹೊಸ ವಿದ್ಯೆಯಂತೆ. ಮದರಾಸಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದು. ಫೀಸು, ಹಾಸ್ಟೆಲು, ಊಟ, ಪುಸ್ತಕ ಎಲ್ಲಕ್ಕೂ ವಿದ್ಯಾರ್ಥಿವೇತನ. ಇಡೀ ರಾಜ್ಯಕ್ಕೆ ಒಬ್ಬರೇ. ಮೊದಲ ದರ್ಜೆ ಇರಬೇಕು. ಇಲ್ಲದವರು ಸ್ವಂತವಾಗಿ ಮಾಡಿದ ಕೆಲಸವೊಂದರ ವರದಿಯನ್ನು ಲಗತ್ತಿಸಬೇಕು. ಕೊನೆಯ ದಿನ ಜುಲೈ ಹತ್ತು.

“ನಂದು ಸೆಕೆಂಡ್ ಕ್ಲಾಸು, ಸಾರ್.”

“ಅದಕ್ಕೇ ವರದಿಯ ಸಾಲಿಗೆ ಕೆಂಪು ಗೆರೆ ಹಾಕಿರೋದು. ಓದಮ್ಮ ಸರಿಯಾಗಿ.”

ಹೆಡ್ ಗುಮಾಸ್ತ ಚಾಮಯ್ಯ ಎಲೆಯಡಿಕೆ ಮೆಲ್ಲುತ್ತ ಕತ್ತು ಚಾಚಿದ. “ಮದರಾಸಾ? ಅಲ್ಲಿ ಮುದ್ದೆ ಸಿಕ್ಕಲ್ಲ ಕಣವ್ವ. ಮೂರು ದಿವ್ಸಕ್ಕೆ ವಾಪಸ್ ಬಸ್ ಹತ್ತುತೀಯ, ಬರ್ದಿಟ್ಕೊ.”

ಸ್ವಂತ ಕೆಲಸ ಎಲ್ಲಿಂದ ತರುವುದು? ಗೌರಿ ತಲೆ ಕೆಡಿಸಿಕೊಂಡು ಕೂತಿದ್ದಾಗ, ಕೆಲಸ ತಾನಾಗಿ ಎದುರಿಗೆ ಬಂತು. ತಾಲೂಕಿಗೊಂದರಂತೆ ಇದ್ದ ಕಾರ್ಡಿನ ಪೆಟ್ಟಿಗೆಗಳ ಪೈಕಿ ಪಿರಿಯಾಪಟ್ಟಣದ್ದರಲ್ಲಿ, ಅದರಲ್ಲೂ ರಾವಂದೂರು ಹಾರನಹಳ್ಳಿ ಕಡೆಯವು, ಅರವತ್ತೊಂದು ಕಾರ್ಡು ಅರ್ಧಕ್ಕೇ ನಿಂತಿದ್ದವು. ಏಳು ತಿಂಗಳು, ಎಂಟು ತಿಂಗಳವರೆಗೆ ನರ್ಸಮ್ಮ ನೋಡಿದ್ದಾರೆ, ಬರೆದಿದ್ದಾರೆ. ಆಮೇಲೆ ಹೆರಿಗೆಯೂ ಇಲ್ಲ, ಮಗುವೂ ಇಲ್ಲ. ಮೇಲಿನ ಕಚೇರಿಯವರು ಅಷ್ಟನ್ನೂ ‘ಗರ್ಭನಷ್ಟ’ ಎಂದು ಬರೆದು ವರದಿ ಮುಗಿಸಿ ಎಂದಿದ್ದರು. ಡಾಕ್ಟರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಮನೆಮನೆಗೆ ಹೋಗಿ ಕೇಳೋಣವೆಂದರೆ ಜೀಪು ಮೈಸೂರಿನ ಶೆಡ್ಡಿನಲ್ಲಿ ಮಲಗಿತ್ತು, ಮಳೆ ಹಿಡಿದಿತ್ತು.

ಗೌರಿ ಆ ಅರವತ್ತೊಂದಕ್ಕೂ ಚೊಚ್ಚಲಿನ ತೂತಿಗೆ ದಬ್ಬಳ ತೂರಿಸಿ ಎತ್ತಿದಳು. ಐವತ್ತೇಳು ಉದುರಿದವು. ನಾಲ್ಕೇ ನೇತಾಡಿದವು.

“ಸಾರ್, ಹೆಚ್ಚುಕಮ್ಮಿ ಎಲ್ಲಾ ಚೊಚ್ಚಲೇ. ಒಂದು ಮನೆ ನೋಡ್ಕೊಂಡು ಬರ್ತೀನಿ, ಬಸ್ಸಲ್ಲಿ.”

ಕೈಗೆ ಸಿಕ್ಕ ಮೊದಲ ಕಾರ್ಡು ‘ಚಿಕ್ಕಸಿದ್ದಮ್ಮ, ಸಣ್ಣಬೀರಯ್ಯನ ಹೆಂಡತಿ’. ಗೌರಿ ರಾವಂದೂರಿನಲ್ಲಿ ಬಸ್ಸಿಳಿದು, ಕೆಸರು ತುಳಿದುಕೊಂಡು ಆ ಮನೆ ಹುಡುಕಿದಾಗ, ಇಪ್ಪತ್ತರ ಹೆಂಗಸೊಬ್ಬಳು ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದಳು. ಮಡಿಲಲ್ಲಿ ಗುಂಡುಗುಂಡಾದ ಮಗು.

“ಚಿಕ್ಕಸಿದ್ದಮ್ಮ ಅಂದ್ರೆ?”

“ನಾನೇ ಕಣಕ್ಕ.”

“ಮಗು?”

“ನನ್ ಮಗ. ಯಾಕಕ್ಕ ಅಂಗ್ ನೋಡ್ತೀರಿ, ಕರ್ರಗವ್ನೆ ಅಂತಲಾ?”

“ಅಲ್ಲ ಕಣಮ್ಮ. ಸರ್ಕಾರದ ಪ್ರಕಾರ ನಿನ್ನ ಮಗ ಹುಟ್ಟೇ ಇಲ್ಲ.”

“ಶಿವನೆ! ಹುಟ್ಟದೇನೇ ಇಷ್ಟ್ ಹಾಲ್ ಕುಡೀತನಾ?” ಎಂದು ಚಿಕ್ಕಸಿದ್ದಮ್ಮ ಕಾಳಿನ ಮೊರ ಕೆಳಗಿಟ್ಟು ನಕ್ಕಳು. “ಎರಿಗೆ ಆದದ್ದು ನಮ್ಮಪ್ಪನ ಮನೇಲಿ, ಕ್ವಾಟೆ ತಾವ. ಚೊಚ್ಚಲಲ್ವ? ಏಳು ತುಂಬ್ತಲೂ ಕರ್ಕೊಂಡೋದ್ರು.”

“ಅಲ್ಲಿ ನರ್ಸಮ್ಮ ಬಂದು ಕಾರ್ಡು ಬರೀಲಿಲ್ವಾ?”

“ಬರ್ಕೊಂಡ್ರಲ್ಲ.”

“ಗಂಡನ ಹೆಸರು ಏನಂತ ಹೇಳಿದೆ?”

ಚಿಕ್ಕಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಳಗಿನಿಂದ ಅವಳ ಅತ್ತೆಯ ದನಿ ಬಂತು: “ಎಂಡ್ತಿ ಬಾಯಲ್ಲಿ ಗಂಡನ್ ಎಸ್ರ ಯೋಳುಸ್ತೀರಾ? ಓದ್ದೋರ್ ಆಡೋ ಮಾತಾ ಇದು?”

“ಮತ್ತೆ ಕಾರ್ಡಲ್ಲಿ ಏನಂತ ಬರೆಸಿದೆ?”

“ನಮ್ಮಪ್ಪ ಅಲ್ಲೇ ನಿಂತಿತ್ತಲ್ಲ ಕಣಕ್ಕ. ಮರಿಯಯ್ಯನ ಮಗಳು ಅಂತ ಅವ್ರೇ ಬರ್ಕೊಂಡ್ರು. ಅಲ್ಲಿ ನನ್ನ ಎಲ್ಲಾರೂ ಕರೆಯೋದು ಚಿಕ್ಕಿ ಅಂತ. ಅಂಗೇ ಬರ್ದವ್ರೆ.”

ಗೌರಿ ಜಗಲಿಯ ಅಂಚಿನ ಮೇಲೆ ಕೂತುಬಿಟ್ಟಳು. ಪಿರಿಯಾಪಟ್ಟಣದ ಪೆಟ್ಟಿಗೆಯಲ್ಲಿ ಸಣ್ಣಬೀರಯ್ಯನ ಹೆಂಡತಿ ಚಿಕ್ಕಸಿದ್ದಮ್ಮ, ಬಸುರಿ, ಮಗುವಿಲ್ಲ. ಕೋಟೆಯ ಪೆಟ್ಟಿಗೆಯಲ್ಲಿ ಮರಿಯಯ್ಯನ ಮಗಳು ಚಿಕ್ಕಿ, ಮಗುವಿದೆ, ಬಸುರಿಯಾಗಿದ್ದ ಸುದ್ದಿಯೇ ಇಲ್ಲ. ಒಬ್ಬಳೇ ಹೆಂಗಸು ಎರಡು ಪೆಟ್ಟಿಗೆಯಲ್ಲಿ ಹರಿದು ಹಂಚಿಹೋಗಿದ್ದಳು. ಇಲ್ಲಿ ಗರ್ಭನಷ್ಟ ಎನ್ನುತ್ತಿದ್ದರು, ಅಲ್ಲಿ ಆರೈಕೆಯಿಲ್ಲದ ಹೆರಿಗೆ ಎನ್ನುತ್ತಿದ್ದರು.

ಮಗು ತಾಯಿಯ ಬಳೆ ಹಿಡಿದು ಜಗ್ಗಿತು. ಅವಳ ಬಲ ಮುಂಗೈಯ ಮೇಲೆ ಹಸಿರು ಹಚ್ಚೆ: ಒಂದು ನವಿಲು, ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಮೂರು ಚುಕ್ಕಿ.

ಆ ನವಿಲನ್ನು ಗೌರಿ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಅದು ಅವಳ ಅವ್ವ ರಾಚಮ್ಮನ ಕೈಯಿಂದ ಇಳಿದದ್ದು.

ರಾಚಮ್ಮ ಇಪ್ಪತ್ತೈದು ವರ್ಷದಿಂದ ಸರಗೂರು, ಅಂತರಸಂತೆ ಕಡೆಯ ಹಳ್ಳಿಗಳಲ್ಲಿ, ಕಾಡಂಚಿನ ಬುಡಕಟ್ಟಿನವರ ಹಾಡಿಗಳಲ್ಲಿ ಹಚ್ಚೆ ಹಾಕುತ್ತ ತಿರುಗಿದವಳು. ಮೂರು ಸೂಜಿ ಒಟ್ಟಿಗೆ ಕಟ್ಟಿದ ಕಟ್ಟು, ದೀಪದ ಕಪ್ಪು, ಸೊಪ್ಪಿನ ರಸ ಇಷ್ಟೇ ಅವಳ ಸರಂಜಾಮು. ಆ ಸೂಜಿಯೇ ಗೌರಿಯನ್ನು ಓದಿಸಿದ್ದು. ಆದರೆ ಕಾಲೇಜಿನ ಅರ್ಜಿಯಲ್ಲಿ ‘ತಾಯಿಯ ಕಸುಬು’ ಎಂಬಲ್ಲಿ ಗೌರಿ ‘ಕೂಲಿ’ ಎಂದು ಬರೆದಿದ್ದಳು. ತನ್ನ ಕೈಗೆ ಒಂದು ಚುಕ್ಕಿಯನ್ನೂ ಹಾಕಿಸಿಕೊಂಡಿರಲಿಲ್ಲ.

ಕಚೇರಿಗೆ ಮರಳಿದ ಗೌರಿ ಕಾರ್ಡುಗಳ ಬೆನ್ನು ತಿರುಗಿಸಿದಳು. ಅಲ್ಲಿ ‘ಗುರುತಿನ ಚಿಹ್ನೆ’ ಎಂಬ ಒಂದು ಸಾಲಿತ್ತು. ಸರ್ಕಾರಿ ಕಾಗದವೆಂದರೆ ಅದೊಂದು ಇರಲೇಬೇಕು ಎಂದು ಹಾಕಿದ್ದು. ನರ್ಸಮ್ಮಗಳು ಪಾಪ, ಅದನ್ನೂ ತುಂಬಿದ್ದರು. ಅದಕ್ಕೆ ತೂತು ಕೊಟ್ಟಿರಲಿಲ್ಲ, ಯಾರೂ ಓದಿರಲೂ ಇಲ್ಲ. ಗೌರಿ ಓದಿದಳು. ಚಿಕ್ಕಸಿದ್ದಮ್ಮನ ಪಿರಿಯಾಪಟ್ಟಣದ ಕಾರ್ಡಿನಲ್ಲಿ ‘ಬಲಗೈ, ನವಿಲು, ಗೆರೆ, ಮೂರು ಚುಕ್ಕಿ’. ಕೋಟೆಯ ಕಾರ್ಡಿನಲ್ಲಿ ಮರಿಯಯ್ಯನ ಮಗಳು ಚಿಕ್ಕಿ: ‘ಬಲಗೈ, ಕೋಳಿ, ಗೆರೆ, ಮೂರು ಚುಕ್ಕಿ’.

ಭಾನುವಾರ ಬೆಳಿಗ್ಗೆ ಕಾರ್ಡುಗಳ ನಕಲು ಹೊತ್ತು ತಂದು ಮನೆಯ ಜಗಲಿಯ ಮೇಲೆ ಹರಡಿ, ಗೌರಿ ಅವ್ವನ ಎದುರು ಓದಲು ಕೂತಳು.

“ಕೋಳಿನಾ?” ರಾಚಮ್ಮನಿಗೆ ರೇಗಿಹೋಯಿತು. “ಯಾವ ಮೂದೇವಿ ಬರ್ದದ್ದು? ಅದು ನನ್ ನವ್ಲು! ಕೋಳಿಗೆ ಜುಟ್ಟು ಇಂಗಿರ್ತದಾ?”

“ಬೈಬೇಡ ಅವ್ವ. ಇನ್ನೊಬ್ರು ಹಕ್ಕಿ ಅಂತ ಬರ್ದವ್ರೆ. ನಿನ್ನ ಚೇಳನ್ನ ಏಡಿ ಅಂತ ಬರ್ದವ್ರೆ.”

“ಏಡಿ!” ರಾಚಮ್ಮ ಹಣೆ ಚಚ್ಚಿಕೊಂಡು ಒಂದು ಇದ್ದಿಲ ಚೂರು ತಂದಳು. ಜಗಲಿಯ ಮೇಲೆ ಒಂದೊಂದೇ ಬರೆಯುತ್ತ ಹೋದಳು. “ನೋಡ್ ಮಗ. ನವ್ಲು ಅಂದ್ರೆ ಆ ಮರಿಯಯ್ಯನ ಊರು. ಚೇಳು ಅಂದ್ರೆ ಹೊಳೆ ಆಚೆ ಹಾಡಿ. ತೊಟ್ಲು ಅಂದ್ರೆ ಬೆಟ್ಟದ್ ಕೆಳಗ್ಲೋರು. ಒಂದೂರ್ ಹೆಣ್ಮಕ್ಳಿಗೆಲ್ಲ ಒಂದೇ ಚಿತ್ರ ಬೇಕು, ಇಲ್ದಿದ್ರೆ ಅವ್ಳಿಗ್ ಚೆಂದಾಗ್ ಹಾಕ್ದೆ, ನಂಗ್ ಹಾಕ್ನಿಲ್ಲ ಅಂತಾವೆ. ಗೆರೆ ಇದ್ರೆ ಕೆಳಗಿನ ಕೇರಿ, ಇಲ್ದಿದ್ರೆ ಮೇಗಲ ಕೇರಿ. ಚುಕ್ಕಿ ಎಷ್ಟೋ, ಆ ಮನೆಗೆ ಅಷ್ಟನೇ ಮಗಳು.”

ಗೌರಿ ಬಾಯಿ ತೆರೆದು ಕೂತಳು. “ಇದನ್ನ ಯಾರು ಹೇಳ್ಕೊಟ್ರು ನಿಂಗೆ?”

“ಯಾರ್ ಯೋಳ್ಕೊಡ್ತಾರೆ? ಮಾಸ್ದ್ರೆ ಬಿಟ್ಟಿ ತೀಡ್ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಬ್ಯಾರೆಯೋಳು ಹಾಕ್ದ್ ಹಚ್ಚೆನೆಲ್ಲ ತಂದು ನನ್ ತಾವ ತೀಡುಸ್ಕೊಳೋಕೆ ಸುರು ಮಾಡುದ್ರು. ಬರೆಯೋಕೆ ಬಾರ್ದೋಳು, ಏನ್ ಮಾಡ್ಲಿ? ಕೈ ಮೇಲೇ ಬರ್ದು ಮಡಗ್ದೆ.”

ಮುಂದಿನ ಹದಿನೈದು ದಿನ ಗೌರಿಗೆ ಊಟದ ಮೇಲೂ ಗಮನವಿರಲಿಲ್ಲ. ಕಾರ್ಡಿನ ಕೆಳ ಅಂಚಿನಲ್ಲಿ ಕೆಲಸವಿಲ್ಲದ ತೂತುಗಳು ಬೇಕಾದಷ್ಟಿದ್ದವು. ನವಿಲಿಗೊಂದು, ಚೇಳಿಗೊಂದು, ತೊಟ್ಟಿಲಿಗೊಂದು, ಗೆರೆಗೊಂದು, ಚುಕ್ಕಿಗಳಿಗೆ ಒಂದೊಂದು. ಕೋಳಿ, ಹಕ್ಕಿ, ಏಡಿ ಎಂದು ನರ್ಸಮ್ಮಗಳು ಬರೆದದ್ದನ್ನೆಲ್ಲ ರಾಚಮ್ಮ ತಿದ್ದಿಕೊಟ್ಟಳು. ಎರಡು ಪೆಟ್ಟಿಗೆಯ ಕಾರ್ಡುಗಳನ್ನೂ ಒಟ್ಟಿಗೆ ಜೋಡಿಸಿ ಗೌರಿ ದಬ್ಬಳ ತೂರಿಸಿದಳು. ನವಿಲಿನ ತೂತಿಗೆ ಎತ್ತಿದಾಗ ಹನ್ನೆರಡು ಉದುರಿದವು. ಆ ಹನ್ನೆರಡನ್ನು ಹಿಡಿದು ಗೆರೆಯ ತೂತಿಗೆ ಎತ್ತಿದಾಗ ಐದು. ಆ ಐದನ್ನು ಹಿಡಿದು ಮೂರು ಚುಕ್ಕಿಯ ತೂತಿಗೆ ಎತ್ತಿದಾಗ ಎರಡೇ ಎರಡು ಕಾರ್ಡು ಒಂದರ ಮೇಲೊಂದು ಬಿದ್ದವು. ಚಿಕ್ಕಸಿದ್ದಮ್ಮನೂ ಚಿಕ್ಕಿಯೂ.

ಚಾಮಯ್ಯ ಎಲೆಯಡಿಕೆ ಉಗಿಯಲು ಎದ್ದವನು ಅಲ್ಲೇ ನಿಂತ. “ಕೈ ನೋಡಿ ಭವಿಷ್ಯ ಹೇಳೋರ್ನ ನೋಡಿದ್ದೆ. ಕೈ ನೋಡಿ ಹೆರಿಗೆ ಹೇಳೋಳ್ನ ಇವತ್ತೇ ಕಂಡದ್ದು!”

ಅರವತ್ತೊಂದರಲ್ಲಿ ಐವತ್ತನಾಲ್ಕು ಕಾರ್ಡಿಗೆ ಜೊತೆ ಸಿಕ್ಕಿತು. ಬಸುರಿನ ತಿಂಗಳಿಗೂ ಹೆರಿಗೆಯ ತಾರೀಖಿಗೂ ತಾಳೆ ನೋಡಿದಳು, ಕೂಡಿಬಂತು. ಅಷ್ಟಕ್ಕೇ ನಂಬದೆ, ಚೀಟಿ ಎತ್ತಿ ಎಂಟು ಮನೆಗೆ ಬಸ್ಸಲ್ಲಿ, ನಡೆದು ಹೋಗಿ ನೋಡಿ ಬಂದಳು. ಎಂಟೂ ಸರಿ. ಉಳಿದ ಏಳು ಮನೆಗೂ ಹೋಗಿ ವಿಚಾರಿಸಿದಳು. ನಾಲ್ವರು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಅಲ್ಲೇ ಹೆತ್ತಿದ್ದರು. ಮೂವರ ಮಕ್ಕಳು ಮಾತ್ರ ನಿಜವಾಗಿ ಉಳಿದಿರಲಿಲ್ಲ. ಮೂರೂ ಒಂದೇ ದಾರಿಯ ಮನೆಗಳು. ಮಳೆ ಹಿಡಿದರೆ ಬಸ್ಸು ನಿಲ್ಲುವ ದಾರಿ. ಡಾಕ್ಟರು ಆ ಮೂರು ಕಾರ್ಡುಗಳನ್ನು ಬೇರೆ ಎತ್ತಿಟ್ಟರು. “ಐವತ್ತೆಂಟು ಸುಳ್ಳು ಸಾವಿನ ಕೆಳಗೆ ಈ ಮೂರು ಕಾಣದೇ ಹೋಗ್ತಿದ್ದವಲ್ಲಮ್ಮ,” ಎಂದರು. ಆ ವಾರವೇ ಆ ದಾರಿಗೆ ಒಬ್ಬ ನರ್ಸನ್ನು ಮಳೆಗಾಲ ಪೂರ್ತಿ ಅಲ್ಲೇ ತಂಗುವಂತೆ ಹಾಕಿಸಿದರು.

ಗೌರಿ ವರದಿ ಬರೆದಳು. ಡಾಕ್ಟರು ಓದುತ್ತ ಒಂದು ಕಡೆ ನಿಂತರು.

“‘ಸ್ಥಳೀಯ ಮಾಹಿತಿದಾರರೊಬ್ಬರಿಂದ ತಿಳಿದಂತೆ’. ಯಾರಮ್ಮ ಇವರು? ಹೆಸರಿಲ್ವಾ?”

ಗೌರಿ ನೆಲ ನೋಡಿದಳು. ಅವಳ ಅವ್ವನ ಕಸುಬು ಊರಿಗೆಲ್ಲ ಗೊತ್ತಿದ್ದ ವಿಷಯ. ಚಾಮಯ್ಯನೇ ಬಾಯಿ ಬಿಟ್ಟ: “ಚೆನ್ನಾಗದೆ ಸಾರ್. ಅವರು ಗಂಡನ ಹೆಸರು ಹೇಳಲ್ಲ, ಇವಳು ಅವ್ವನ ಹೆಸರು ಹೇಳಲ್ಲ. ಕಾರ್ಡು ಹೆಂಗೆ ಉದುರ್ತದೆ?”

ಮಾತು ಮುಳ್ಳಿನ ಹಾಗೆ ಚುಚ್ಚಿತು. ಗೌರಿ ಹಾಳೆಯನ್ನು ವಾಪಸು ಎಳೆದುಕೊಂಡು, ಆ ಸಾಲು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ಬರೆದಳು: ‘ಈ ಗುರುತಿನ ಪದ್ಧತಿಯನ್ನು ಕಟ್ಟಿದವರು ರಾಚಮ್ಮ, ಹಚ್ಚೆ ಹಾಕುವವರು, ನನ್ನ ತಾಯಿ.’ ಅರ್ಜಿ ಜುಲೈ ಎಂಟಕ್ಕೆ ಅಂಚೆಗೆ ಬಿತ್ತು.

ತಿಂಗಳ ಕೊನೆಗೆ ಮೈಸೂರಿನಿಂದ ಸಂದರ್ಶನದ ಕರೆ ಬಂತು. ಹೊರಗಿನ ಬೆಂಚಿನ ಮೇಲೆ ಕೂತ ಹನ್ನೊಂದು ಮಂದಿಯಲ್ಲಿ ಹತ್ತು ಜನ ಮೊದಲ ದರ್ಜೆಯವರು, ಇಬ್ಬರು ಚಿನ್ನದ ಪದಕದವರು. ಗೌರಿಯ ಮಡಿಲಲ್ಲಿ ಕಾರ್ಡಿನ ಪೆಟ್ಟಿಗೆ, ಚೀಲದಲ್ಲಿ ದಬ್ಬಳ.

ಒಳಗೆ ಮದರಾಸಿನ ಪ್ರೊಫೆಸರರೊಬ್ಬರು, ನೆರೆತ ತಲೆಯ ಲೇಡಿ ಡಾಕ್ಟರೊಬ್ಬರು. ಪ್ರೊಫೆಸರರು ಇಂಗ್ಲಿಷಿನಲ್ಲಿ ಮೊದಲು ಕೇಳಿದ್ದೇ ಸೆಕೆಂಡ್ ಕ್ಲಾಸಿನ ಬಗ್ಗೆ. ಗೌರಿ ಇಂಗ್ಲಿಷಿನಲ್ಲಿ ತಡವರಿಸಿದಳು. “ಕನ್ನಡದಲ್ಲೇ ಹೇಳಮ್ಮ, ನಾನು ಇವರಿಗೆ ತಿಳಿಸ್ತೀನಿ,” ಎಂದರು ಲೇಡಿ ಡಾಕ್ಟರು.

ಗೌರಿ ಹೇಳುವುದಕ್ಕಿಂತ ತೋರಿಸುವುದೇ ಮೇಲು ಎಂದುಕೊಂಡು ದಬ್ಬಳ ತೆಗೆದಳು. ಪ್ರೊಫೆಸರರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

“ನಿಮಗೆ ಬೇಕಾದ ಒಂದು ಕಾರ್ಡು ತೆಗೀರಿ, ಸಾರ್. ಅದರ ಬೆನ್ನಿನ ಸಾಲು ಮಾತ್ರ ಓದಿ ಹೇಳಿ.”

ಲೇಡಿ ಡಾಕ್ಟರು ಕಾರ್ಡು ಎಳೆದು ಓದಿದರು: ಚೇಳು, ಗೆರೆಯಿಲ್ಲ, ಒಂದು ಚುಕ್ಕಿ. ಕಾರ್ಡು ಕಟ್ಟಿಗೆ ಮರಳಿತು. ಗೌರಿ ದಬ್ಬಳ ತೂರಿಸಿ ಅಲುಗಿಸಿದಳು. ಒಂದೂ ಬೀಳಲಿಲ್ಲ. ಬಸ್ಸಿನ ಕಿಟಕಿಯಿಂದ ಎರಚಲು ಹೊಡೆದು ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಗಡಿಬಿಡಿ ಮಾಡಲಿಲ್ಲ. ಸಂತೆಯ ಸೊಪ್ಪಿನ ಕಟ್ಟನ್ನು ಕೊಡವುವಂತೆ ಕಟ್ಟನ್ನು ಮೇಜಿಗೆ ಬಡಿದು, ಬೆರಳಲ್ಲಿ ಬಿಡಿಸಿ, ಮತ್ತೆ ಎತ್ತಿದಳು. ಪಟಪಟನೆ ಚೇಳುಗಳೆಲ್ಲ ಬಿದ್ದವು. ಅವನ್ನು ಹಿಡಿದು ಗೆರೆಗೆ ಎತ್ತಿದಳು. ಈ ಸಲ ಬೇಕಾದವು ಬಿದ್ದವುಗಳಲ್ಲ, ಗೆರೆಯಿಲ್ಲದೆ ನೇತಾಡಿದವುಗಳು. ಅವನ್ನು ಹಿಡಿದು ಒಂದು ಚುಕ್ಕಿಗೆ ಎತ್ತಿದಾಗ ಮೇಜಿನ ಮೇಲೆ ಎರಡು ಕಾರ್ಡು. ಒಂದು ಹಾರನಹಳ್ಳಿ ಕಡೆಯದು, ಒಂದು ಕೋಟೆ ಕಡೆಯದು. ಬಸುರಿ ಇಲ್ಲಿ, ಮಗು ಅಲ್ಲಿ.

ಲೇಡಿ ಡಾಕ್ಟರು ಬಾಗಿಲ ಕಡೆ ಕರೆದರು. “ಮುತ್ತೀ, ಬಾ ಇಲ್ಲಿ.” ಕಸ ಗುಡಿಸುವ ಮುತ್ತಿ ಪೊರಕೆ ಹೊರಗಿಟ್ಟು ಬಂದಳು. ಎಡಗೈ ಮೇಲೆ ಚೇಳಿನ ಹಚ್ಚೆ. “ಇವಳ ತವರು ಯಾವುದು, ಹೇಳಮ್ಮ ನೋಡೋಣ.”

ಗೌರಿ ಆ ಕೈ ಹಿಡಿದು ನೋಡಿದಳು. ಏನೋ ಒಂದು ಊರು ಹೇಳಿಬಿಡಬಹುದಿತ್ತು.

“ಗೊತ್ತಾಗಲ್ಲ, ಮೇಡಮ್. ನಮ್ಮವ್ವ ಚೇಳಿನ ಕೊಂಡಿ ಬಲಕ್ಕೆ ತಿರುಗಿಸ್ತಾರೆ. ಇದು ಎಡಕ್ಕಿದೆ. ಇದು ನಮ್ಮವ್ವನ ಕೈ ಅಲ್ಲ.”

ಗೌರಿಗೆ ಎಲ್ಲ ಮುಗಿಯಿತು ಅನ್ನಿಸಿತು. ಆದರೂ ಕೇಳದೆ ಇರಲಾಗಲಿಲ್ಲ. “ಯಾರು ಹಾಕಿದ್ದಕ್ಕ ಇದು?”

“ನಂಜನಗೂಡ್ ಕಡೆಯೋಳು ಕಣವ್ವ. ನಮ್ಮೂರೋರ್ಗೆಲ್ಲ ಅವ್ಳೇ ಹಾಕ್ತಿದ್ಲು.”

“ಹಾಗಾದ್ರೆ ಕಾರ್ಡಿಗೆ ಇನ್ನೊಂದು ತೂತು ಬೇಕು, ಸಾರ್,” ಗೌರಿ ತನಗೇ ಎಂಬಂತೆ ಅಂದಳು. “ಹಚ್ಚೆ ಯಾವುದು ಅಂತ ಬರೆದರೆ ಸಾಲದು, ಯಾರ ಕೈ ಅಂತಲೂ ಬರೀಬೇಕು. ಆಗ ಬೇರೆ ತಾಲೂಕಿಗೂ ಆಗುತ್ತೆ.”

ಲೇಡಿ ಡಾಕ್ಟರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಪ್ರೊಫೆಸರರು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಜೋರಾಗಿ ನಕ್ಕು, ತಮಿಳು ಬೆರೆತ ಕನ್ನಡದಲ್ಲಿ ತಾವೇ ಹೇಳಿದರು: “ನಮ್ಮ ಮೆಷಿನ್ ಕಾರ್ಡ್‌ನಲ್ಲಿ ಎಂಬತ್ತು ಕಾಲಂ ಇದೆಮ್ಮಾ. ಒಂದು ಕಾಲಂ ನಿಮ್ಮ ಅಮ್ಮನಿಗೆ ಕೊಡೋಣ.”

ಆಗಸ್ಟ್ ಹನ್ನೊಂದಕ್ಕೆ ರಿಜಿಸ್ಟರ್ಡ್ ಅಂಚೆ ಬಂತು. ಇಡೀ ರಾಜ್ಯಕ್ಕಿದ್ದ ಒಂದು ವಿದ್ಯಾರ್ಥಿವೇತನ ಹುಣಸೂರಿನ ಮಂಗಳಗೌರಿಗೆ. ಚಾಮಯ್ಯ ಓದಿದವನೇ ಗೋದಾಮಿಗೆ ಓಡಿ, ಸೊಪ್ಪು ವಿಂಗಡಿಸುತ್ತಿದ್ದ ಹೆಂಗಸರಿಗೆಲ್ಲ ಕೂಗಿ ಹೇಳಿದ. ಅವರು ಕಚೇರಿಗೆ ನುಗ್ಗಿ, ಮೊದಲು ತಾವು ಸೀನಿ, ಗೌರಿಯನ್ನೂ ಸೀನಿಸಿ, ಕೆನ್ನೆ ನೇವರಿಸಿ ಲಟಿಕೆ ಮುರಿದರು.

ಲಕೋಟೆಯೊಳಗೆ ಒಂದು ಅರ್ಜಿಯೂ ಇತ್ತು. ‘ತಾಯಿಯ ಕಸುಬು’ ಎಂಬಲ್ಲಿ ಗೌರಿ ‘ಹಚ್ಚೆ ಹಾಕುವುದು’ ಎಂದು ಬರೆದಳು. ಕೆಳಗೆ ಪೋಷಕರ ಸಹಿ ಬೇಕಿತ್ತು. ರಾಚಮ್ಮನನ್ನು ಕರೆತಂದರು. ಚಾಮಯ್ಯ ಮರ್ಯಾದೆಯಿಂದ ಕುರ್ಚಿ ಕೊಟ್ಟು, ಶಾಯಿಯ ಪ್ಯಾಡು ಮುಂದಿಟ್ಟ.

“ಹೆಬ್ಬೆಟ್ಟು ಇಲ್ಲಿ ಒತ್ತಿ ರಾಚಮ್ಮ.”

“ಎಬ್ಬೆಟ್ಟಾ?” ರಾಚಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇಪ್ಪತ್ತೈದು ವರ್ಸ ಕ್ವಾಟೆ ಸೀಮೆ ಕೈ ಮೇಲೆಲ್ಲ ಬರ್ದೋಳು ನಾನು. ಕೊಡಿ ಇಲ್ಲಿ ಪೆನ್ನು.”

ಸೂಜಿ ಹಿಡಿಯುವಂತೆಯೇ ಪೆನ್ನನ್ನು ನೆಟ್ಟಗೆ ಹಿಡಿದು, ಚುಕ್ಕಿ ಚುಕ್ಕಿಯಾಗಿ ಚುಚ್ಚುತ್ತ, ಸಹಿಯ ಜಾಗದಲ್ಲಿ ಒಂದು ನವಿಲು ಬರೆದಳು. ಕೆಳಗೆ ಒಂದು ಗೆರೆ ಎಳೆದಳು. “ನಮ್ದೂ ಮೂಲ ನವ್ಲಿನೂರೇ, ಕೆಳಗಿನ ಕೇರಿ.” ಗೆರೆಯ ಕೆಳಗೆ ಒಂದೇ ಚುಕ್ಕಿ ಇಟ್ಟಳು. “ಇವ್ಳು ಮೊದ್ಲನೆಯೋಳು.”

ಡಾಕ್ಟರ್ ವೀರಭದ್ರಸ್ವಾಮಿ ಪಕ್ಕದಲ್ಲಿ ‘ಇದು ರಾಚಮ್ಮನವರ ಕೈ ಎಂದು ದೃಢೀಕರಿಸಿದೆ’ ಎಂದು ಬರೆದು ಮೊಹರು ಒತ್ತಿದರು. ಚಾಮಯ್ಯ ಶಾಯಿ ಒಣಗಲೆಂದು ಬಗ್ಗಿ ಊದಲು ಕೆನ್ನೆ ಉಬ್ಬಿಸಿದ.

“ಏಯ್, ಊದ್‌ಬ್ಯಾಡಿ ಕಣ್ರೀ!” ರಾಚಮ್ಮ ಅವನ ಭುಜ ಹಿಡಿದು ಹಿಂದಕ್ಕೆ ಎಳೆದಳು. “ಹರಡ್ಕೊಂಡ್ರೆ ಮದ್ರಾಸಲ್ಲಿ ಯಾರಾದ್ರೂ ಕೋಳಿ ಅಂತ ಓದಾರು.”